ಶನಿವಾರ ಕಬ್ಬನ್ ಪಾರ್ಕ್ ಗ್ರಂಥಾಲಯ ಭೇಟಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 10 ಗಂಟೆಗೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗುತ್ತಿದ್ದೇವೆ. ಹೆಸರು ಕೊಟ್ಟವರು ಶೇಷಾದ್ರಿ ಅಯ್ಯರ್ ಪ್ರತಿಮೆಯ ಹತ್ತಿರ ಸೇರಿ.

ಆ ಕೆಂಪು ಕಟ್ಟಡವನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ, ಆದರೆ ಒಳಗೆ ಹೋದವರು ಕಡಿಮೆ, ಅಲ್ವಾ? 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿದ್ದು ಅದು. ಅಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ಆಮೇಲೆ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯ ನಡೆಯುವುದೂ ಅದರ ಬಲದಿಂದಲೇ. ಮನೆ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಅಂದರೆ ಈ ಪುಸ್ತಕಗಳಿಗೆ ನಾವೇ ದುಡ್ಡು ಕೊಡುತ್ತಿದ್ದೇವೆ. ಸುಮ್ನೆ ಬಿಡಬಾರದು, ಓದಬೇಕು.

ಸದಸ್ಯರಾಗಬೇಕು ಅನ್ನುವವರು ಆಧಾರ್ ಪ್ರತಿ, ಎರಡು ಫೋಟೊ ತನ್ನಿ. ಮಕ್ಕಳನ್ನು ಖಂಡಿತ ಕರೆತನ್ನಿ. ಒಳಗೆ ಮೊಬೈಲ್ ಸದ್ದು ಬೇಡ. ಮೆಟ್ರೊದಲ್ಲಿ ಬಂದರೆ ಒಳ್ಳೆಯದು, ಗಾಡಿ ನಿಲ್ಲಿಸಲು ಜಾಗ ಹುಡುಕುವುದು ಕಷ್ಟ.

ಎಷ್ಟು ಜನ ಬರುತ್ತೀರಿ ಅಂತ ಗುರುವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಹಿರಿಯರನ್ನು ಕರೆದುಕೊಂಡು ಬರಲು ಕಾರಿನಲ್ಲಿ ಜಾಗ ಇರುವವರೂ ದಯವಿಟ್ಟು ಹೇಳಿ.