ಕುಂದುವಾಡ ಕೆರೆ ನಡಿಗೆ ಗೆಳೆಯರಿಗೆ: ಲಕ್ವದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಕೆರೆ ಏರಿ ಮೇಲೆ ಒಬ್ಬರು ಕೇಳಿದರು, "ಲಕ್ವ ಹೊಡೆಯೋದು ಎಲ್ಲಾ ಕಡೆ ಒಂದೇ ಕಾರಣಕ್ಕಾ?" ಏದುಸಿರಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ, ಇಲ್ಲಿ ಬರೆದಿದ್ದೇನೆ.

32 ದೇಶಗಳ ರೋಗಿಗಳನ್ನು ನೋಡಿದ ಇಂಟರ್‌ಸ್ಟ್ರೋಕ್ ಅಧ್ಯಯನ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹತ್ತರಲ್ಲಿ ಒಂಬತ್ತು ಲಕ್ವಗಳ ಹಿಂದೆ ಇರುವುದು ಹತ್ತೇ ಕಾರಣ. ಒಟ್ಟಾರೆ ಮೊದಲನೆಯದು ಬಿಪಿ. ಆದರೆ ಯಾವುದರ ಪಾಲು ಎಷ್ಟು ಅನ್ನೋದು ಊರಿಂದ ಊರಿಗೆ ಬೇರೆ. ಎದೆಬಡಿತ ತಾಳ ತಪ್ಪುವ ತೊಂದರೆಯ ಪಾಲು ಪಶ್ಚಿಮ ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾ ಕಡೆ ಶೇ. 17, ನಮ್ಮ ದಕ್ಷಿಣ ಏಷ್ಯಾದಲ್ಲಿ ಶೇ. 3 ಮಾತ್ರ. ಆಗ್ನೇಯ ಏಷ್ಯಾದಲ್ಲಿ ಬಿಪಿಯೊಂದರ ಪಾಲೇ ಸುಮಾರು ಶೇ. 60! ವಿದೇಶದ ವಿಡಿಯೋ ನೋಡಿ ಬಡಿತ ಎಣಿಸುವ ವಾಚು ಕೊಂಡಿದ್ದೀರಿ, ಸರಿ. ಬಿಪಿ ನೋಡಿಸಿ ಎಷ್ಟು ದಿನ ಆಯ್ತು?

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚ. ಮಂಡಕ್ಕಿ-ಮಿರ್ಚಿ ಬಿಡಿ ಅಂತ ನಾನು ಹೇಳಲ್ಲ, ನನಗೇ ಆಗಲ್ಲ. ಜೊತೆಗೆ ಉಪ್ಪಿನಕಾಯಿ ಯಾಕೆ ಅಷ್ಟೇ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಕೊಡುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ನಾಟಿ ಔಷಧಿಗೆ ಅಂತ ಹಳ್ಳಿ ಸುತ್ತಿದರೆ ಆ ಹೊತ್ತು ಸುಮ್ನೆ ಕಳೆದುಹೋಗುತ್ತೆ.

ಭಾನುವಾರ ಬಿಪಿ ಮಿಷನ್ ತರ್ತೀನಿ. ಕಾಫಿ ಕುಡಿಯದೆ ಬನ್ನಿ, ನಡಿಗೆಗೆ ಮೊದಲೇ ನೋಡೋಣ.