ನಮ್ಮ ಕಾಫಿ ಪುಡಿ ಅಂಗಡಿ ಹಳೆ ಬಸ್ ಸ್ಟ್ಯಾಂಡ್ ಬಿಡುತ್ತಿದೆ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಹಳೆ ಬಸ್ ಸ್ಟ್ಯಾಂಡ್‌ನಲ್ಲಿರುವ ನಮ್ಮ ಕಾಫಿ ಬೆಳೆಗಾರರ ಸಂಘದ ಪುಡಿ ಅಂಗಡಿ ಮೇ ತಿಂಗಳ ಕೊನೆಯ ಶನಿವಾರ ಬಾಗಿಲು ಹಾಕುತ್ತದೆ. ಜೂನ್ ಮೊದಲ ವಾರ ಹುರಿಯುವ ಕೆಲಸ ಇರುವುದಿಲ್ಲ. ಎರಡನೇ ವಾರದಿಂದ, ಪೇಟೆಯಿಂದ ಒಂದೂವರೆ ಕಿಲೋಮೀಟರ್ ಆಚೆ, ನಮ್ಮ ಸದಸ್ಯರೊಬ್ಬರ ತೋಟದ ಹಳೆ ಗೋದಾಮಿನಲ್ಲಿ ಮತ್ತೆ ಶುರು. ಪುಡಿಯ ಬೆಲೆ ಕೆಜಿಗೆ 40 ರೂಪಾಯಿ ಜಾಸ್ತಿಯಾಗುತ್ತದೆ. ಇಷ್ಟು ತಿಳಿದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಮುಂದಿನದು 'ಯಾಕೆ' ಅಂತ ಕೇಳುವವರಿಗೆ. ಅಂಥವರೇ ಜಾಸ್ತಿ ಅಂತ ಒಂದು ತಿಂಗಳಿಂದ ಕಿಂಡಿಯ ಹಿಂದೆ ಕೂತ ನಮಗೆ ಗೊತ್ತು.

ಬಸ್ ಸ್ಟ್ಯಾಂಡ್ ಜಾಗವನ್ನು ಪಟ್ಟಣ ಪಂಚಾಯಿತಿ ಮಾರಿದೆ. ಹಳೆ ಕಟ್ಟಡ ಕೆಡವಿ, ಕೆಳಗೆ ಮಳಿಗೆ, ಮೇಲೆ ಲಾಡ್ಜ್ ಬರುತ್ತದಂತೆ. ಕೊಂಡವರು ಒಂದು ದಿನ ಬಂದು ನಮ್ಮಲ್ಲೇ ಕಾಫಿ ಕುಡಿದು ಹೋದರು. ಮರ್ಯಾದೆಯಿಂದ ಮಾತಾಡಿದರು. ಅವರ ಮೇಲೆ ನಮಗೆ ಸಿಟ್ಟಿಲ್ಲ.

ಆ ಜಾಗದ ಕತೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕೊಡಗು ಜಿಲ್ಲೆಗೆ ರೈಲು ಇಲ್ಲ. ಮೈಸೂರಿಗೆ ಹೋಗಲಿ, ಮಂಗಳೂರಿಗೆ ಹೋಗಲಿ, ಬಸ್ಸೇ ಗತಿ. ಹಾಗಾಗಿ ಯಾವ ಪೇಟೆಯಲ್ಲೂ ಬಸ್ ಸ್ಟ್ಯಾಂಡ್ ಅಂದರೆ ಬರೀ ಬಸ್ ನಿಲ್ಲುವ ಜಾಗ ಅಲ್ಲ. ತೋಟದ ಕೆಲಸಕ್ಕೆ ಆಳು ಸಿಗುವುದು ಅಲ್ಲಿ, ಮೆಣಸಿನ ರೇಟು ಗೊತ್ತಾಗುವುದು ಅಲ್ಲಿ, ಹುಡುಗಿ ನೋಡಲು ಬಂದವರು ಇಳಿಯುವುದೂ ಅಲ್ಲಿ. ಆಮೇಲೆ ಬಸ್ಸುಗಳು ಉದ್ದವಾದವು. ಇಕ್ಕಟ್ಟಿನಲ್ಲಿ ತಿರುಗಿಸಲು ಆಗುತ್ತಿರಲಿಲ್ಲ. ಹೊಸ ನಿಲ್ದಾಣ ಪೇಟೆಯ ಹೊರಗೆ ಹೋಯಿತು. ಹಳೇದು ಉಳಿಯಿತು, ಹೆಂಚಿನ ಮಾಡು, ಸಿಮೆಂಟ್ ಬೆಂಚು, ಮೇಲೆ ಪಾರಿವಾಳ.

ಆ ಖಾಲಿ ಸಾಲಿನಲ್ಲಿ ನಾವು ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಮುಂಚೆ ಅದು ಟಿಕೆಟ್ ಕೊಡುವ ಕೋಣೆ. ಅರ್ಧ ಚಂದ್ರನ ಆಕಾರದ ಕಿಂಡಿ ಹಾಗೇ ಇತ್ತು, ಅದರಿಂದಲೇ ಪುಡಿ ಕೊಡಲು ಶುರು ಮಾಡಿದೆವು. ನೀವು ಬಗ್ಗಿ 'ಅರ್ಧ ಕೆಜಿ, ಚಿಕೋರಿ ಬೇಡ' ಅಂತ ಕೂಗುವುದು, ಒಳಗಿನಿಂದ ನಮ್ಮ ಕೈ ಮಾತ್ರ ನಿಮಗೆ ಕಾಣುವುದು. ಹತ್ತು ವರ್ಷದಿಂದ ಬರುವವರಿಗೂ ನಮ್ಮ ಹುರಿಯುವವರ ಮುಖದ ಗುರುತಿಲ್ಲ.

ಈಗ ಮಾರಾಟದ ಬಗ್ಗೆ. ಪೇಟೆಯಲ್ಲಿ ಹರಿದಾಡುವ ಮಾತುಗಳಲ್ಲಿ ಅರ್ಧ ಸುಳ್ಳು, ಅದಕ್ಕೇ ಬರೆಯುತ್ತಿದ್ದೇವೆ.

ಯಾರೋ ಪಂಚಾಯಿತಿ ಮೆಂಬರ್ ರಾತ್ರೋರಾತ್ರಿ ಬರೆದು ಕೊಟ್ಟರು ಅನ್ನುವುದು ಸರಿಯಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ 72ನೇ ಕಲಂ ಅಂತ ಒಂದಿದೆ. ಊರಿನ ಆಸ್ತಿಯನ್ನು ಬಾಡಿಗೆಗೆ ಕೊಡುವುದು, ಮಾರುವುದು ಅದರ ಕೆಳಗೆ ಬರುತ್ತದೆ. ಸಭೆಯಲ್ಲಿ ಠರಾವು ಆಗಬೇಕು, ಮೇಲಿನ ಒಪ್ಪಿಗೆ ಬರಬೇಕು, ಆಮೇಲೆ ಹರಾಜು. ಇಲ್ಲಿ ಅಷ್ಟೂ ಆಗಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಾಗದ ತರಿಸಿ ಓದಿದ್ದೇವೆ. ಆಕ್ಷೇಪಣೆ ಇದ್ದರೆ ಹೇಳಿ ಅಂತ ನೋಟಿಸ್ ಕೂಡ ಅಂಟಿಸಿದ್ದರು. ನಾವು ನೋಡಿದ್ದು ಕೊನೆಯ ದಿನ. ಜನವರಿ, ರೊಬಸ್ಟಾ ಕಾಫಿ ಕುಯ್ಲು ಜೋರು, ಸಂಘದಲ್ಲಿ ಎಲ್ಲರೂ ಕಣದಲ್ಲಿದ್ದೆವು. ಬೋರ್ಡ್ ಇದ್ದದ್ದು ನಮ್ಮ ಅಂಗಡಿಯಿಂದ ನೂರು ಹೆಜ್ಜೆ ದೂರದಲ್ಲಿ. ಇದು ನಮ್ಮದೇ ತಪ್ಪು.

ಆ ಒಂದು ದಿನದಲ್ಲಿ ಎರಡು ಮಾತು ಬರೆದು ಕೊಟ್ಟೆವು. ಮೊದಲನೆಯದು, ಮಾರಬೇಡಿ, ಬೇಕಿದ್ದರೆ ದೀರ್ಘ ಕಾಲದ ಬಾಡಿಗೆಗೆ ಕೊಡಿ. ಕಾರಣ ಸಣ್ಣದು. ಮಾರಿದ ದುಡ್ಡು ನೀರಿನ ಪಂಪಿನ ಕರೆಂಟ್ ಬಿಲ್ಲಿಗೆ, ರಸ್ತೆ ಡಾಂಬರಿಗೆ ಹೋಗುತ್ತದೆ. ಅದು ಬೇಡದ ಖರ್ಚು ಅಂತಲ್ಲ. ಆದರೆ ಮುಂದಿನ ವರ್ಷವೂ ಬಿಲ್ ಬರುತ್ತದೆ, ಜಾಗ ಇರುವುದಿಲ್ಲ. ಸಾಲ ತೀರಿಸಲು ತೋಟದ ಒಂದು ತುಂಡು ಮಾರಿದವರು ನಮ್ಮಲ್ಲಿ ಕಡಿಮೆಯೇ? ಅವರನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ.

ಎರಡನೆಯದು ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ವಿಷಯ. ಬಸ್ ಸ್ಟ್ಯಾಂಡ್ ಹಿಂದೆ ಎತ್ತರದ ಬರೆ ಇದೆ, ಮೇಲೆ ನಾಲ್ಕೈದು ಮನೆ. ದೊಡ್ಡ ಕಟ್ಟಡ ಬರಬೇಕಾದರೆ ಬರೆ ಕಡಿಯಲೇಬೇಕು. 2018ರ ಆಗಸ್ಟ್‌ನ ಭೂಕುಸಿತ ಕಂಡ ಮೇಲೆ ಜೆಸಿಬಿ ಸದ್ದು ಕೇಳಿದರೆ ಕೊಡಗಿನಲ್ಲಿ ಯಾರೂ ಸುಮ್ನೆ ಕೂರುವುದಿಲ್ಲ. ಮೊದಲು ತಡೆಗೋಡೆ, ಆಮೇಲೆ ಅಡಿಪಾಯ ಅಂತ ಷರತ್ತು ಹಾಕಿ, ಮಳೆಗಾಲದಲ್ಲಿ ಮಣ್ಣು ಮುಟ್ಟಬೇಡಿ ಅಂತ ಕೇಳಿದೆವು. ಮೊದಲನೆಯ ಮಾತಿಗೆ ಉತ್ತರ ಬರಲಿಲ್ಲ. ಎರಡನೆಯದನ್ನು ಹರಾಜಿನ ಷರತ್ತಿನಲ್ಲಿ ಸೇರಿಸಿದ್ದಾರೆ. ಅಷ್ಟಕ್ಕೆ ಖುಷಿ. ಮೇಲಿನ ಮನೆಯವರು ಆ ಕಾಗದದ ಜೆರಾಕ್ಸ್ ಬೇಕಾದರೆ ನಮ್ಮಲ್ಲಿ ತೆಗೆದುಕೊಳ್ಳಬಹುದು. ಇಟ್ಟುಕೊಂಡಿರುವುದು ಒಳ್ಳೆಯದು.

'ನೀವೇ ಯಾಕೆ ಹರಾಜು ಕೂಗಲಿಲ್ಲ' ಅಂತ ಕೆಲವರು ಕೇಳಿದರು. ಕೂಗಬೇಕು ಅಂತ ನಮಗೂ ಇತ್ತು. ಇಡೀ ಜಾಗವನ್ನು ಒಂದೇ ಗಂಟು ಮಾಡಿ ಹರಾಜಿಗಿಟ್ಟರು. ಕಟ್ಟಬೇಕಾದ ಠೇವಣಿಯೇ ನಮ್ಮ ಸಂಘದ ಷೇರು ಬಂಡವಾಳಕ್ಕಿಂತ ಜಾಸ್ತಿ. ತುಂಡು ಮಾಡಿ ಮಾರಿದ್ದರೆ ಒಂದು ತುಂಡಿಗೆ ನಾವೂ ಕೈ ಎತ್ತುತ್ತಿದ್ದೆವು. ಕೋರ್ಟಿಗೆ ಹೋಗಿ ಸ್ಟೇ ತನ್ನಿ ಅಂದವರೂ ಇದ್ದಾರೆ. ಮಹಾಸಭೆಯಲ್ಲಿ ಅದನ್ನು ಒಂದೂವರೆ ಗಂಟೆ ಮಾತಾಡಿ ಬೇಡ ಅಂತ ತೀರ್ಮಾನ ಮಾಡಿದೆವು. ನಮ್ಮ ಬಾಡಿಗೆ ಕರಾರು ಮುಗಿದು ಕಾಲವಾಗಿತ್ತು. ಬರೀ ಬಾಡಿಗೆ ಕಟ್ಟುತ್ತಾ ಕೂತಿದ್ದೆವು, ಅವರು ತೆಗೆದುಕೊಳ್ಳುತ್ತಿದ್ದರು. ಅಂಥವರು ಕೋರ್ಟಿನಲ್ಲಿ ಏನಂತ ನಿಲ್ಲುವುದು?

ಇನ್ನು ಬೆಲೆ. ಇಲ್ಲಿ ಒಂದು ಮಾತನ್ನು ನೇರವಾಗಿ ಒಪ್ಪಿಕೊಳ್ಳಬೇಕು, ಸಂಘದ ಒಳಗೂ ಇದನ್ನು ಹೇಳಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ಪುಡಿ ಬೇರೆಯವರಿಗಿಂತ ಅಗ್ಗ ಅಂತ ಎಲ್ಲರೂ ಹೊಗಳುತ್ತಿದ್ದಿರಿ. ಮಧ್ಯವರ್ತಿ ಇಲ್ಲ, ಸದಸ್ಯರ ತೋಟದ ಕಾಫಿ, ಅದಕ್ಕೇ ಅಗ್ಗ ಅಂತ ನಾವೂ ಹೇಳಿಕೊಂಡು ಬಂದೆವು. ಅದು ಮುಕ್ಕಾಲು ನಿಜ. ಉಳಿದ ಕಾಲು ಭಾಗ ಬಾಡಿಗೆ. ಪೇಟೆಯ ನಡುವೆ, ಎದುರಿನ ಮಳಿಗೆಯವರು ಕೊಡುವುದರ ಐದರಲ್ಲೊಂದು ಪಾಲಿಗೆ ನಾವು ಕೂತಿದ್ದೆವು. ಆ ಬಾಡಿಗೆ ಎಷ್ಟೋ ವರ್ಷದಿಂದ ಅಲುಗಾಡಿರಲಿಲ್ಲ. ಅಂದರೆ ನಿಮ್ಮ ಬೆಳಗಿನ ಲೋಟಕ್ಕೆ ಊರೇ ಸ್ವಲ್ಪ ದುಡ್ಡು ಹಾಕುತ್ತಿತ್ತು. ಕಾಫಿ ಕುಡಿಯದವರೂ ಹಾಕುತ್ತಿದ್ದರು. ಪಂಚಾಯಿತಿಗೆ ದುಡ್ಡಿಲ್ಲ ಅನ್ನುವಾಗ ಆ ಲೆಕ್ಕದಲ್ಲಿ ನಮ್ಮಂಥ ಬಾಡಿಗೆದಾರರೂ ಸೇರುತ್ತೇವೆ. (ನಮ್ಮ ಸಾಲಿನಲ್ಲಿ ಅದೇ ಅಗ್ಗದ ಕೋಣೆ ಹಿಡಿದು ಒಳಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂತವರೂ ಇದ್ದರು. ಅದು ಬೇರೆ ಕತೆ.)

2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಮೂಟೆಗೆ ಹತ್ತು ಸಾವಿರ ದಾಟಿದಾಗ ಪುಡಿಯ ಬೆಲೆ ಏರಿಸಿದ್ದೆವು. ಆಗ ಬೆಳೆಗಾರರಾಗಿ ನಮಗೆ ಒಳಗೊಳಗೇ ಖುಷಿ, ಅಂಗಡಿಯವರಾಗಿ ಮುಜುಗರ. ಈ ಸಲದ 40 ರೂಪಾಯಿಗೂ ಕಾಫಿ ರೇಟಿಗೂ ಸಂಬಂಧ ಇಲ್ಲ. ಗೋದಾಮಿನ ಬಾಡಿಗೆ, ಹೊಸ ಕರೆಂಟ್ ಲೈನ್, ಹೊಗೆ ಕೊಳವೆ, ಸಾಗಾಟ, ಅಷ್ಟೇ. ಕಟ್ಟಡ ಮುಗಿದ ಮೇಲೆ ಹೊಸ ಮಳಿಗೆಗಳಲ್ಲಿ ಒಂದು ಕೊಡುತ್ತೇವೆ ಅಂತ ಜಾಗ ಕೊಂಡವರು ಅಂದಿದ್ದಾರೆ. ಅವರು ಹೇಳಿದ ಬಾಡಿಗೆಗೆ ಹೋದರೆ 40ರ ಬದಲು ಇನ್ನೆಷ್ಟು ಅಂತ ಬರೆಯಲು ಕೈ ಬರುತ್ತಿಲ್ಲ. ಮೇಲೆ ಲಾಡ್ಜ್ ಇಟ್ಟುಕೊಂಡು ಕೆಳಗೆ ಕಾಫಿ ಹುರಿಯಲು ಬಿಡುತ್ತಾರಾ? ಆ ಹೊಗೆಗೆ ಪ್ರವಾಸಿಗರು ಎದ್ದು ಓಡುತ್ತಾರೆ. ಅಥವಾ ಅದನ್ನೇ ಫೋಟೋ ತೆಗೆಯುತ್ತಾರೋ ಏನೋ.

ಹೊಸ ಜಾಗಕ್ಕೆ ಬಸ್ಸಿನಲ್ಲಿ ಬರುವವರಿಗೆ ಕಷ್ಟ, ಗೊತ್ತು. ಅದಕ್ಕೆ ಸಂತೆ ದಿನ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನಮ್ಮ ಪಿಕಪ್ ಸಂತೆ ಗೇಟಿನ ಹತ್ತಿರ ನಿಲ್ಲುತ್ತದೆ. ಪುಡಿ ಅಲ್ಲೇ ಸಿಗುತ್ತದೆ. ಮನೆಯ ಬೀಜ ಹುರಿಸುವವರು ಅಲ್ಲಿ ಕೊಟ್ಟು ಮುಂದಿನ ಸಂತೆಗೆ ತೆಗೆದುಕೊಳ್ಳಬಹುದು. ಬೀಜ ಚೆನ್ನಾಗಿ ಒಣಗಿರಲಿ, ಜೂನ್ ಜುಲೈಯಲ್ಲಿ ಮೆತ್ತಗಾದ ಬೀಜ ತಂದು ನಮ್ಮನ್ನು ಬೈಯಬೇಡಿ. ತೂಕದ ಜಗಳವೂ ಇಲ್ಲಿಗೆ ಮುಗಿಯಲಿ. ಹುರಿದಾಗ ಮುಖ್ಯವಾಗಿ ನೀರಿನಂಶ ಹೋಗಿ ಕೆಜಿಗೆ 150ರಿಂದ 200 ಗ್ರಾಂ ಇಳಿಯುತ್ತದೆ, ಕಪ್ಪಗೆ ಹುರಿದಷ್ಟೂ ಜಾಸ್ತಿ. ಹೊಸ ಜಾಗದಲ್ಲಿ ತಕ್ಕಡಿ ಹುರಿಯುವ ಡ್ರಮ್ಮಿನ ಪಕ್ಕದಲ್ಲೇ ಇರುತ್ತದೆ, ಹಾಕುವ ಮುಂಚೆ ಒಮ್ಮೆ, ತೆಗೆದ ಮೇಲೆ ಒಮ್ಮೆ ನೀವೇ ನೋಡಿ.

ಬೆಂಗಳೂರು, ಮೈಸೂರಿಗೆ ಕೊರಿಯರ್ ತರಿಸುವವರಿಗೆ ಬೇರೆ ಬದಲಾವಣೆ ಇಲ್ಲ. ಜೂನ್ ಮೊದಲ ವಾರದ ಆರ್ಡರ್ ಮೇ ಒಳಗೇ ಹೇಳಿಬಿಡಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಮೊದಲಿನ ಹಾಗೆ 80, ಚಿಕೋರಿ 20. ಬೆಲೆ ಉಳಿಸಲು ಚಿಕೋರಿ ಏರಿಸಿ ಅಂತ ಒಬ್ಬ ಸದಸ್ಯರು ಸಲಹೆ ಕೊಟ್ಟಿದ್ದರು. ಕಾನೂನಿನಲ್ಲಿ 49ರವರೆಗೂ ಬೆರೆಸಬಹುದು, ಪ್ಯಾಕೆಟ್ ಮೇಲೆ ಬರೆದರಾಯಿತು. ಕಾಫಿ ಬೆಳೆಯುವವರ ಸಂಘ ಅದನ್ನು ಮಾಡಿದರೆ ಚೆನ್ನಾಗಿರುವುದಿಲ್ಲ ಅಲ್ವಾ? ಬಿಟ್ಟೆವು.

ಮೊದಲ ಎರಡು ಮೂರು ವಾರ ಹುರಿತದಲ್ಲಿ ಹೆಚ್ಚು ಕಡಿಮೆ ಆಗಬಹುದು. ಡ್ರಮ್ ಹಳೇದು, ಬಿಚ್ಚಿ ಜೋಡಿಸಿದ ಮೇಲೆ ಅದರ ಹದ ಮತ್ತೆ ಕಲಿಯಬೇಕು. ಗೋದಾಮು ಇರುವುದು ಗಾಳಿಗೆ ಎದುರಾಗಿ, ಮಳೆಗಾಲದಲ್ಲಿ ಉರಿ ಹೇಗೆ ನಿಲ್ಲುತ್ತದೋ ನೋಡಬೇಕು. ಪುಡಿ ಕಹಿ ಅನ್ನಿಸಿದರೆ ಪ್ಯಾಕೆಟ್ ವಾಪಸ್ ತನ್ನಿ, ಬೇರೆ ಕೊಡುತ್ತೇವೆ. ಕರೆಂಟ್ ಹೋದ ದಿನ ಬೀಸುವುದು ನಿಲ್ಲುತ್ತದೆ. ಅದು ಇಲ್ಲಿಯೂ ಹಾಗೇ ಇತ್ತು.

ಕಿಂಡಿಯ ಮರದ ಚೌಕಟ್ಟನ್ನು ಬಿಚ್ಚಿಕೊಂಡು ಹೋಗಲು ಕೊಂಡವರನ್ನು ಕೇಳಿದೆವು, ಒಪ್ಪಿದ್ದಾರೆ. ಗೋದಾಮಿನಲ್ಲಿ ಅದರ ಅಗತ್ಯ ಏನೂ ಇಲ್ಲ, ದೊಡ್ಡ ಬಾಗಿಲೇ ಇದೆ. ಆದರೂ ತೆಗೆದುಕೊಂಡು ಹೋಗುತ್ತೇವೆ.

ಕೊನೆಗೆ ಒಂದು ಕೆಲಸ. ಅಂಗಡಿಯ ಅಟ್ಟದಲ್ಲಿ ಹುರಿಸಲು ಕೊಟ್ಟು ಮರೆತುಹೋದ ಹನ್ನೊಂದು ಡಬ್ಬ ಇವೆ. ಎಂಟರ ಮೇಲೆ ಹೆಸರಿದೆ, ಅವರಿಗೆ ಫೋನ್ ಮಾಡುತ್ತೇವೆ. ಉಳಿದ ಮೂರರಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ, ಒಂದು ನೀಲಿ ಮುಚ್ಚಳದ ಸ್ಟೀಲ್ ಡಬ್ಬ, ಇನ್ನೊಂದರ ಮೇಲೆ ಸೀಮೆಸುಣ್ಣದಲ್ಲಿ 'ಅತ್ತೆಗೆ' ಅಂತ ಬರೆದಿದೆ. ಯಾರ ಅತ್ತೆಯೋ, ಮೇ ಕೊನೆಯ ಶನಿವಾರದ ಒಳಗೆ ಬಂದು ತೆಗೆದುಕೊಂಡು ಹೋಗಿ.

ಇಂತಿ,
ಕಾರ್ಯದರ್ಶಿ, ಸಂಘದ ಎಲ್ಲ ಸದಸ್ಯರ ಪರವಾಗಿ