ಕ್ಯಾಲ್ಕುಲೇಟರ್ ಹುಡುಗಿಗೆ

ಗಣಿತ ಪರೀಕ್ಷೆಯ ದಿನ ಹಾಲ್ ಹೊರಗೆ ನನ್ನ ಪಕ್ಕ ಕೂತಿದ್ದ ಹುಡುಗೀ, ಇದು ನಿನಗೆ. ಗಡಿಬಿಡಿಯಲ್ಲಿ ಹೆಸರು ಕೇಳೋದೇ ಮರೆತೆ.

36ನೇ ವಯಸ್ಸಿನಲ್ಲಿ ಕಾಮರ್ಸ್ ಬಿಟ್ಟು ಫಿಸಿಕ್ಸ್ ಡಿಗ್ರಿಗೆ ಸೇರಬೇಕು ಅಂತ ಮತ್ತೆ ಶಾಲೆಯ ಕೊನೇ ಪರೀಕ್ಷೆ ಕಟ್ಟಿದವಳು ನಾನು. ಒಂದು ಡಿಗ್ರಿ ಕೈಲಿದ್ದರೇನು, ಹಳೇ ಅಂಕಪಟ್ಟಿಯಲ್ಲಿ ಗಣಿತ, ವಿಜ್ಞಾನ ಇರಲಿಲ್ಲವಲ್ಲ! ಅಲ್ಲಿದ್ದವರೆಲ್ಲ ನನ್ನನ್ನು ಯಾರದೋ ಅಮ್ಮ ಅಂದುಕೊಂಡಿದ್ದರು. ನೀನು ಮಾತ್ರ ನನ್ನ ಕ್ಯಾಲ್ಕುಲೇಟರ್ ಕಡೆ ಬಗ್ಗಿ ನೋಡಿದೆ.

"ಆಂಟಿ, ಸೈನ್ 30 ಒತ್ತಿ ನೋಡಿ."

ಬಂದದ್ದು -0.988. ಬರಬೇಕಾದ್ದು 0.5.

"ಕೋನದ ಅಳತೆ ರೇಡಿಯನ್‌ನಲ್ಲಿದೆ, ಡಿಗ್ರಿಗೆ ಹಾಕ್ಬೇಕು" ಅಂತ ನೀನೇ ಬದಲಿಸಿಕೊಟ್ಟೆ.

ಒಳಗೆ ಹೋದರೆ ತ್ರಿಕೋನಮಿತಿಯದೇ ಮೂರು ಪ್ರಶ್ನೆ! ಪಾಸಾದೆ ಕಣೇ, ಸೀಟೂ ಸಿಕ್ಕಿತು. ತುಂಬಾ ಥ್ಯಾಂಕ್ಸ್. ಆ 'ಆಂಟಿ'ಯನ್ನೂ ಮಾಫಿ ಮಾಡಿದ್ದೇನೆ.